ಇಬೇ ಹರಾಜಿನಲ್ಲಿ ಎಲ್ಲರೂ ಕೊನೇ ಗಳಿಗೆಗೆ ಯಾಕೆ ಕಾಯುತ್ತಾರೆ?

ನಮಸ್ಕಾರ. ನಿಮ್ಮಲ್ಲೊಬ್ಬರು ಕಾಮೆಂಟಿನಲ್ಲಿ ಕೇಳಿದ್ದರು: ಆನ್‌ಲೈನ್ ಹರಾಜಿನಲ್ಲಿ ವಾರವಿಡೀ ಸುಮ್ನಿದ್ದು, ಕೊನೇ ಹತ್ತು ಸೆಕೆಂಡಿನಲ್ಲಿ ಯಾಕೆ ಮುಗಿಬೀಳುತ್ತಾರೆ?

ಮೊದಲು ಬೇಗ ಬೇಗ ಹಿನ್ನೆಲೆ. ಇಬೇ ಅನ್ನೋ ಹರಾಜಿನ ವೆಬ್‌ಸೈಟ್ ಶುರುವಾಗಿದ್ದು 1995ರಲ್ಲಿ, ಅಮೆರಿಕದಲ್ಲಿ. ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಕೆಟ್ಟದ್ದಕ್ಕೂ ಗಿರಾಕಿ! ಇಲ್ಲಿ ನಿಮ್ಮ ಗರಿಷ್ಠ ಬೆಲೆ ಮೊದಲೇ ಹೇಳಿಡಬಹುದು. ನೀವು 100 ಡಾಲರ್ ಅಂದಿರಿ, ಎದುರಾಳಿ 60ಕ್ಕೆ ನಿಂತರು. ನೀವು ಕೊಡುವುದು ಎದುರಾಳಿಗಿಂತ ಚೂರು ಹೆಚ್ಚು, ಅಂದರೆ ಸುಮಾರು 61 ಮಾತ್ರ.

ಹಾಗಾದರೆ ಮೊದಲ ದಿನವೇ 100 ಅಂತ ಹಾಕಿ ಮಲಗಬಹುದಲ್ವಾ?

[ತೆರೆಯ ಮೇಲೆ: ಇಬೇ, ಅಮೆಜಾನ್ ಗಡಿಯಾರಗಳು]

ಆಲ್ವಿನ್ ರಾತ್, ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಕೆದಕಿ 2002ರಲ್ಲಿ ಬರೆದರು. ಆಗ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಇಬೇನಲ್ಲಿ ಹೇಳಿದ ಹೊತ್ತಿಗೆ ಬಾಗಿಲು ಬಂದ್. ಅಮೆಜಾನಿನಲ್ಲಿ ಕೊನೇ ಹತ್ತು ನಿಮಿಷದಲ್ಲಿ ಯಾರಾದರೂ ಬಿಡ್, ಅಂದರೆ ತಮ್ಮ ಬೆಲೆ, ಹಾಕಿದರೆ ಸಮಯ ಮುಂದಕ್ಕೆ ಹೋಗುತ್ತಿತ್ತು. ನಮ್ಮೂರ ಜಾತ್ರೆಯ ಸವಾಲಿನ ಹಾಗೆ: "ಒಂದು ಸಾರಿ, ಎರಡು ಸಾರಿ" ಅನ್ನುವಷ್ಟರಲ್ಲಿ ಮೂಲೆಯಿಂದ ಒಬ್ಬ ಕೂಗಿದರೆ ಎಣಿಕೆ ಮತ್ತೆ ಒಂದರಿಂದ. ಅಲ್ಲಿ ಕಾದು ಕೂತು ಪ್ರಯೋಜನವಿಲ್ಲ. ಹಾಗಾಗಿ ಕೊನೇ ಗಳಿಗೆಯ ಬಿಡ್‌ಗಳು ಇಬೇನಲ್ಲೇ ಜಾಸ್ತಿ.

ನನಗೆ ಭಾರಿ ಇಷ್ಟವಾದದ್ದು ಮುಂದಿನದು. ಇಬೇನಲ್ಲೇ ನೋಡಿದರೂ, ಕಂಪ್ಯೂಟರಿಗಿಂತ ಹಳೇ ಕಾಲದ ವಸ್ತುಗಳಿಗೆ ಕೊನೇ ಗಳಿಗೆಯ ಬಿಡ್ ಹೆಚ್ಚು. ಯಾಕೆ? ಕಂಪ್ಯೂಟರ್ ಏನು ಬೆಲೆ ಬಾಳುತ್ತದೆ ಅಂತ ಎಲ್ಲರಿಗೂ ಗೊತ್ತು. ಹಳೇ ಹೂದಾನಿ ಅಸಲಿಯೋ ನಕಲಿಯೋ ಗೊತ್ತಿರುವುದು ಪಳಗಿದವನಿಗೆ ಮಾತ್ರ. ಅವನು ಮಂಗಳವಾರವೇ ಬಿಡ್ ಹಾಕಿದ ಅಂದುಕೊಳ್ಳಿ. ಉಳಿದವರು "ಓಹೋ, ಇವನೇ ಕೈಹಾಕಿದ ಅಂದ್ರೆ ಮಾಲು ಅಸಲಿ" ಅಂತ ಬೆಲೆ ಏರಿಸುತ್ತಾರೆ. ಅವನು ಓದಿದ್ದು, ಅಲೆದದ್ದು, ಎಲ್ಲದರ ಲಾಭ ಪುಕ್ಕಟೆಯಾಗಿ ಇವರಿಗೆ! ಅದಕ್ಕೇ ಬಾಯಿ ಬಿಡದೆ ಕೂರುತ್ತಾನೆ. ಇದನ್ನು ಮೋಸ ಅನ್ನುವವರಿದ್ದಾರೆ. ನಾನಂತೂ ಅನ್ನಲ್ಲ.

ಅಯ್ಯೋ, ಟೈಮ್ ಆಗ್ತಾ ಬಂತು. ನಿಗದಿ ಬೆಲೆಯ ಕಥೆ ಒಂದೇ ಉಸಿರಿನಲ್ಲಿ: 2000ದಲ್ಲಿ ಇಬೇ 'ಬೈ ಇಟ್ ನೌ' ಗುಂಡಿ ತಂದಿತು, ಒತ್ತಿದರೆ ಹೇಳಿದ ಬೆಲೆಗೆ ತಕ್ಷಣ ಕೊಳ್ಳಬಹುದು. ಮುಂದಿನ ಹತ್ತು-ಹನ್ನೆರಡು ವರ್ಷದಲ್ಲಿ ಹರಾಜೇ ಮೂಲೆ ಸೇರಿತು. ಹೊಸ ಚಾರ್ಜರ್‌ಗೆ ಏಳು ದಿನ ಯಾರು ಕಾಯುತ್ತಾರೆ? ಅದೇ ಚಾರ್ಜರ್ ಪಕ್ಕದ ಟ್ಯಾಬ್‌ನಲ್ಲಿ ಬೆಲೆ ಸಮೇತ ಕಾಣುತ್ತದೆ. ಹರಾಜು ಅಂದರೆ ಅಗ್ಗಕ್ಕೆ ಸಿಗುತ್ತದೆ ಅಂತ ಬಂದವರಿಗೂ ಆ ಹುರುಪು ಇಳಿಯಿತು. ಹರಾಜು ಇನ್ನೂ ಗಟ್ಟಿಯಾಗಿ ಉಳಿದಿರುವುದು ಹಳೇ ನಾಣ್ಯ, ಆಟಗಾರರ ಕಾರ್ಡ್‌ನಂಥ ಮಾಲಿಗೆ. ಅಂಥದ್ದಕ್ಕೆ ಏನು ಬೆಲೆ ಬರೆಯಬೇಕು ಅಂತ ಎಷ್ಟೋ ಸಲ ಮಾರುವವನಿಗೇ ತಿಳಿದಿರುವುದಿಲ್ಲ.