ವಾಪಸ್ ಬರದ ರೋಗಿ: ಚೀನಾ ಪ್ರವಾಸದಲ್ಲಿ ಮೊದಲ ಸಲ ಸೂಜಿ, ಬಟ್ಟಲು, ಕಷಾಯ

ಎಲ್ಲರಿಗೂ ನಮಸ್ಕಾರ.

1971ರ ಜುಲೈನಲ್ಲಿ ಬೀಜಿಂಗ್‌ಗೆ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಅಪೆಂಡಿಕ್ಸ್ ನೋವು ಬಂದು ಅಲ್ಲೇ ಆಪರೇಷನ್ ಆಯಿತು. ಆಮೇಲೆ ರಾತ್ರಿ ಹೊಟ್ಟೆಯುಬ್ಬರ ತಡೆಯಲಾಗದಾಗ ಬಲ ಮೊಣಕೈಗೂ ಮೊಣಕಾಲಿನ ಕೆಳಗೂ ಅಕ್ಯುಪಂಕ್ಚರ್ ಸೂಜಿ ಚುಚ್ಚಿ, ಹೊಟ್ಟೆಯ ಹತ್ತಿರ ಒಣಗಿದ ಸೊಪ್ಪಿನ ಕೆಂಡ ಹಿಡಿದರು. ಆ ಸೊಪ್ಪು ನಮ್ಮ ಮಾಚಿಪತ್ರೆ, ದವನಗಳ ಕುಲದ್ದೇ. ಒಂದು ಗಂಟೆಯೊಳಗೆ ಹಾಯೆನಿಸಿತು ಎಂದು ಅವರು ಬರೆದರು. ಓದಿದ ಅಮೆರಿಕನ್ನರಲ್ಲಿ ಎಷ್ಟೋ ಜನ ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರೆಂದು ತಿಳಿದುಬಿಟ್ಟರು. ಹೊಟ್ಟೆ ಕೊಯ್ಯುವಾಗ ಕೊಟ್ಟದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್.

ಆ ಪ್ರಸಂಗದಲ್ಲಿ ಗಮನಿಸಬೇಕಾದ್ದು ಬೇರೆ ಇದೆ. ತೊಂದರೆ ಯಾವುದೆಂದು ಸ್ಪಷ್ಟವಾಗಿತ್ತು, ರೋಗಿಯ ಪೂರ್ತಿ ಸ್ಥಿತಿ ಆಸ್ಪತ್ರೆಗೆ ಗೊತ್ತಿತ್ತು, ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವಂಥದ್ದಾಗಿತ್ತು. ಚೀನೀ ವೈದ್ಯಪದ್ಧತಿ ಮಾತ್ರ ಸಾಮಾನ್ಯವಾಗಿ ಮತ್ತೆ ಬರುವ ರೋಗಿಗಾಗಿ ರೂಪುಗೊಂಡದ್ದು. ಏಳು ದಿನದ ಕಷಾಯ ಕೊಡುತ್ತಾರೆ, ಎಂಟನೇ ದಿನ ನಾಲಿಗೆ, ನಾಡಿ ನೋಡಿ ಒಂದೆರಡು ಮೂಲಿಕೆ ಬದಲಿಸುತ್ತಾರೆ. ಕ್ಯಾಂಟನ್ ವ್ಯಾಪಾರ ಮೇಳಕ್ಕೆಂದು ಗುವಾಂಗ್‌ಝೌಗೆ ಹೋದ ನಮ್ಮ ವ್ಯಾಪಾರಿ ನಾಲ್ಕನೇ ದಿನ ವಿಮಾನ ಹತ್ತುತ್ತಾನೆ. ಇವತ್ತಿನ ಮಾತೆಲ್ಲ ಈ ಒಂದು ತೊಡಕಿನ ಸುತ್ತ.

ಮೊದಲು ಜಾಗ. ಪ್ರವಾಸಿ ತಾಣದ ಮಸಾಜ್ ಅಂಗಡಿ ಬಿಟ್ಟು ಚೀನೀ ವೈದ್ಯಪದ್ಧತಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಕೂಡ ಇರುತ್ತವೆ. ಪಾಸ್‌ಪೋರ್ಟ್ ತೋರಿಸಿ ಚೀಟಿ ಮಾಡಿಸುವುದಕ್ಕೆ ಗ್ವಾಹಾವ್ ಎನ್ನುತ್ತಾರೆ. ಸೂಜಿಗೆ, ಅಂಗಮರ್ದನಕ್ಕೆ, ಒಳರೋಗಕ್ಕೆ ಬೇರೆ ಬೇರೆ ವಿಭಾಗ. ಯಾವುದೆಂದು ಚೀಟಿ ಮಾಡಿಸುವಾಗಲೇ ಹೇಳಬೇಕು. ನೀವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಚೀನೀ ಅಕ್ಷರಗಳಲ್ಲಿ ಫೋನಿನಲ್ಲಿಟ್ಟುಕೊಳ್ಳಿ. ವೈದ್ಯರಿಗೆ ಬ್ರಾಂಡ್ ಹೆಸರು ತಿಳಿಯದು, ಔಷಧದ ಮೂಲ ಹೆಸರು ಬೇಕು.

ಬೆಳಿಗ್ಗೆ ನಾಲಿಗೆ ಹೆರೆಯುವುದು ನಮಗೆ ಕೈಬಿಡದ ಅಭ್ಯಾಸ. ಆ ಒಂದು ದಿನ ಹೆರೆಯಬೇಡಿ. ಕಾಫಿ, ಎಲೆಅಡಿಕೆಯೂ ಬೇಡ. ನಾಲಿಗೆಯ ಮೇಲಿನ ಲೇಪ ದಪ್ಪವೋ ತೆಳುವೋ, ಬಿಳಿಯೋ ಹಳದಿಯೋ ಎಂಬುದರ ಮೇಲೆ ಅವರ ರೋಗನಿದಾನ ನಿಂತಿದೆ. ಹೆರೆದ ನಾಲಿಗೆಯಲ್ಲಿ ನೋಡಲು ಲೇಪವೇ ಇರುವುದಿಲ್ಲ, ಕಾಫಿ ಕುಡಿದ ನಾಲಿಗೆ ಸುಳ್ಳು ಬಣ್ಣ ತೋರಿಸುತ್ತದೆ. ನಾಡಿಯನ್ನು ಆಯುರ್ವೇದದಂತೆಯೇ ಮೂರು ಬೆರಳಿಟ್ಟು ನೋಡುತ್ತಾರೆ. ನಮ್ಮಲ್ಲಿ ಅವು ವಾತ, ಪಿತ್ತ, ಕಫ. ಅಲ್ಲಿ ಎಡಗೈಯ ಮೂರು ಜಾಗ ಹೃದಯ, ಯಕೃತ್ತು, ಮೂತ್ರಪಿಂಡಕ್ಕೆ ಸಲ್ಲುತ್ತವೆ, ಬಲಗೈಯವು ಬೇರೆ. ಹಾಗಾಗಿ ಎರಡೂ ಕೈ ಕೇಳುತ್ತಾರೆ. ಮೆಟ್ಟಿಲು ಹತ್ತಿ ಬಂದಿದ್ದರೆ ಹತ್ತು ನಿಮಿಷ ಕೂತು ಒಳಗೆ ಹೋಗಿ.

ಮೊದಲ ಸಲಕ್ಕೆ ನಮ್ಮ ಸಲಹೆ ಸೂಜಿ. ದೀರ್ಘಕಾಲದ ನೋವಿಗೆ ಅದರಿಂದ ಒಂದಿಷ್ಟು ಉಪಶಮನ ಸಿಗುತ್ತದೆಂಬುದಕ್ಕೆ ಆಧಾರವಿದೆ, ಪವಾಡ ನಿರೀಕ್ಷಿಸಬೇಡಿ. ಹೆಚ್ಚಾಗಿ ಬಳಸುವ ಒಂದು ಬಿಂದು ತ್ಸು-ಸಾನ್-ಲಿ. ಮೊಣಕಾಲು ಮಡಿಸಿ ಕೂತರೆ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ನಿಮ್ಮದೇ ನಾಲ್ಕು ಬೆರಳಗಲ ಕೆಳಗೆ ಇಳಿದು, ಕಾಲಿನ ಮೂಳೆಯ ಏಣಿನಿಂದ ಒಂದು ಬೆರಳು ಹೊರಕ್ಕೆ ಸರಿಯಿರಿ. ಅಳತೆ ರೋಗಿಯ ಬೆರಳಿನದು, ವೈದ್ಯರದ್ದಲ್ಲ. ಸೂಜಿಯ ದಪ್ಪ ಸುಮಾರು 0.25ರಿಂದ 0.30 ಮಿಲಿಮೀಟರ್. ಒಮ್ಮೆ ಬಳಸಿ ಎಸೆಯುವ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಮೊದಲು ಚುರುಕ್ ಎನ್ನುತ್ತದೆ, ಆಮೇಲೆ ಭಾರ, ಬಿಗಿತ, ಜೋಮು. ಅದನ್ನೇ ಅವರು ದ-ಛೀ ಎನ್ನುತ್ತಾರೆ, ಅದಕ್ಕೇ ಕಾಯುತ್ತಾರೆ. ಕರೆಂಟ್ ಹೊಡೆದ ಹಾಗೆ ಸೆಳೆದರೆ ಮಾತ್ರ ತಕ್ಷಣ ಹೇಳಿ, ಸೂಜಿ ನರಕ್ಕೆ ತಾಗಿರಬಹುದು. ಇಪ್ಪತ್ತು, ಮೂವತ್ತು ನಿಮಿಷ ಕಾಲು ಅಲುಗಿಸಬಾರದು.

ಖಾಲಿ ಹೊಟ್ಟೆಯಲ್ಲಿ, ನಿದ್ದೆಗೆಟ್ಟು ವಿಮಾನ ಇಳಿದ ದಿನವೇ ಹೋದರೆ ತಲೆಸುತ್ತಿ ಬೆವರುವುದುಂಟು. ಕೂತಿದ್ದವರಿಗೆ ಇದು ಹೆಚ್ಚು, ಆದ್ದರಿಂದ ಮಲಗಿಯೇ ಹಾಕಿಸಿಕೊಳ್ಳಿ. ಸುತ್ತು ಬಂದರೆ ಸೂಜಿ ತೆಗೆದು, ಕಾಲು ಎತ್ತರಿಸಿ, ಚೇತರಿಸಿಕೊಂಡ ಮೇಲೆ ಬೆಚ್ಚಗಿನ ಸಕ್ಕರೆ ನೀರು ಕೊಡುತ್ತಾರೆ. ಗರ್ಭಿಣಿಯರು ಮೊದಲೇ ಹೇಳಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಹ-ಗು ಬಿಂದುವನ್ನು ಆಗ ಮುಟ್ಟುವುದಿಲ್ಲ. ಪ್ರವಾಸಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ವಿಮಾನದ ಹಿಂದಿನ ದಿನ ಭುಜ, ಬೆನ್ನಿನ ಮೇಲ್ಭಾಗ, ಎದೆಗೆ ಸೂಜಿ ಬೇಡ. ತೆಳ್ಳಗಿನವರಲ್ಲಿ ಶ್ವಾಸಕೋಶ ಚರ್ಮದಿಂದ ಒಂದೆರಡು ಸೆಂಟಿಮೀಟರ್ ಒಳಗೇ ಇರುತ್ತದೆ. ಅಪರೂಪಕ್ಕೆ ಸೂಜಿ ತಾಗಿ ಗಾಳಿ ಸೋರಿದರೆ ಉಸಿರುಕಟ್ಟು ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು, ಮೇಲೆ ಹಾರಿದಾಗ ಆ ಗಾಳಿ ಇನ್ನಷ್ಟು ಹಿಗ್ಗುತ್ತದೆ.

ಒಳಗಿನ ಗಾಳಿ ತೆಗೆದು ಮೈಗೆ ಅಂಟಿಸುವ ಬಟ್ಟಲು ಚಿಕಿತ್ಸೆಯ ಬಗ್ಗೆ ಎರಡೇ ಮಾತು. ಐದರಿಂದ ಹತ್ತು ನಿಮಿಷ ಸಾಕು, ಹೆಚ್ಚಾದರೆ ಬೊಕ್ಕೆ ಏಳುತ್ತದೆ. ಕಲೆ ಒಂದೆರಡು ವಾರ ಉಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದರ ಹತ್ತಿರ ಹೋಗಬಾರದು.

ಇನ್ನು ಕಷಾಯ. ಮೂಲಿಕೆಯ ಮೇಲೆ ಎರಡು ಮೂರು ಸೆಂಟಿಮೀಟರ್ ನಿಲ್ಲುವಷ್ಟು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಬೇಯಿಸುತ್ತಾರೆ. ಸೋಸಿ, ಮತ್ತೆ ನೀರು ಹಾಕಿ ಎರಡನೇ ಸಲ ಕುದಿಸಿ, ಎರಡನ್ನೂ ಬೆರೆಸಿ ದಿನಕ್ಕೆ ಎರಡು ಪಾಲು ಮಾಡುತ್ತಾರೆ. ಪಾತ್ರೆ ಮಣ್ಣಿನದು, ಕಬ್ಬಿಣದ್ದು ಆಗದು. ಪುದೀನದಂಥ ಘಮದ ಸೊಪ್ಪು ಕೊನೆಯ ಐದು ನಿಮಿಷಕ್ಕೆ. ಫೂ-ತ್ಸು ಎಂಬ ಬೇರು ಇದ್ದರೆ ಅದನ್ನು ಮೊದಲೇ ಅರ್ಧ ಗಂಟೆಗೂ ಹೆಚ್ಚು ಕುದಿಸಲೇಬೇಕು. ಅದು ನಮ್ಮ ವತ್ಸನಾಭಿಯ ಕುಲ. ನಮ್ಮವರು ಶೋಧನೆ, ಅಂದರೆ ವಿಷ ಕಳೆಯುವ ಸಂಸ್ಕಾರ, ಮಾಡದೆ ಮುಟ್ಟದಿರುವುದು ಇದೇ ಕಾರಣಕ್ಕೆ. ಕುದಿ ಸಾಲದಿದ್ದರೆ ತುಟಿ, ನಾಲಿಗೆ ಜೋಮು ಹಿಡಿದು ಎದೆಬಡಿತ ತಪ್ಪುತ್ತದೆ. ಹೋಟೆಲ್ ಕೋಣೆಯ ಕೆಟಲ್‌ನಲ್ಲಿ ಮಾಡುವ ಕೆಲಸ ಇದಲ್ಲ. ಆಸ್ಪತ್ರೆಯೇ ಕುದಿಸಿ ಚೀಲದಲ್ಲಿ ತುಂಬಿ ಕೊಡುತ್ತದೆ, ಆದರೆ ಅದನ್ನು ಫ್ರಿಜ್‌ನಲ್ಲಿಡಬೇಕು, ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ್ದನ್ನು ಬಿಡುವುದಿಲ್ಲ.

ನಾರುಬೇರು ಏನು ಮಾಡೀತು ಎನ್ನುವವರು ಬೆಲ್ಜಿಯಂ ನೆನೆಯಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಒಂದು ಚೀನೀ ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿಹೋಗಿ, ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ಎಷ್ಟೋ ಹೆಂಗಸರ ಮೂತ್ರಪಿಂಡ ಹಾಳಾಯಿತು. ಕಷಾಯಗಳಲ್ಲಿ ಬಹಳ ಸಲ ಕಾಣುವ ಅತಿಮಧುರವೂ ಹೆಚ್ಚಾದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ದಾನ್-ಶೆನ್ ಬೇರು ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬಿಪಿ, ಸಕ್ಕರೆ, ಹೃದಯದ ಮಾತ್ರೆ ನುಂಗುವವರು ನಾಲ್ಕು ದಿನದ ಪ್ರವಾಸದಲ್ಲಿ ಕಷಾಯ ಶುರುಮಾಡುವುದನ್ನು ನಾವು ಒಪ್ಪುವುದಿಲ್ಲ.

ಸಸ್ಯಾಹಾರಿಗಳೂ ಕೇಳಿಕೊಳ್ಳಬೇಕು. ಅ-ಜ್ಯಾವ್ ಎಂದರೆ ಕತ್ತೆ ಚರ್ಮ ಕಾಯಿಸಿದ ಅಂಟು, ದೀ-ಲೋಂಗ್ ಎಂದರೆ ಎರೆಹುಳು. ಪ್ರಾಣಿಜನ್ಯ ಔಷಧಕ್ಕೆ ದೋಂಗ್-ವು-ಯಾವ್ ಎನ್ನುತ್ತಾರೆ. ಬೇಡ ಎಂದರೆ ವೈದ್ಯರು ಬದಲಿಸಿ ಬರೆಯಬಲ್ಲರು. ಚಿಪ್ಪುಹಂದಿಯ ಚಿಪ್ಪು, ಹುಲಿಮೂಳೆ ಎಂದು ಯಾರಾದರೂ ಅಂಗಡಿಯಲ್ಲಿ ತೋರಿಸಿದರೆ ಎದ್ದು ಬನ್ನಿ, ಅದನ್ನು ಗಡಿ ದಾಟಿಸುವುದು ಅಪರಾಧ.

ಏನೇ ತೆಗೆದುಕೊಂಡರೂ ವೈದ್ಯರು ಬರೆದ ಔಷಧದ ಚೀಟಿಯ ಫೋಟೊ ಇರಲಿ, ಚೀನೀ ಅಕ್ಷರಗಳು ಸ್ಪಷ್ಟವಾಗಿ ಕಾಣುವಂತೆ. ಊರಿಗೆ ಬಂದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮೈ ದದ್ದೆದ್ದರೆ ಉಳಿದ ಔಷಧ ನಿಲ್ಲಿಸಿ, ಆ ಫೋಟೊವನ್ನೂ ಉಳಿದ ಚೀಲವನ್ನೂ ವೈದ್ಯರ ಮುಂದಿಡಿ. ‘ಏನೋ ಕಷಾಯ ಕುಡಿದೆ’ ಎಂದಷ್ಟೇ ಹೇಳಿದರೆ ಅವರು ಯಾವ ಮೂಲಿಕೆಯನ್ನು ಹುಡುಕಬೇಕು?