ಬುತ್ತಿ ಕಟ್ಟಿಕೊಂಡ ರೈಲು

ನಮ್ಮ ಅಂಗಳದಲ್ಲಿ ಓಡುವ ನನ್ನ ಪುಟ್ಟ ಮಾದರಿ ರೈಲು ಗಾಡಿ ನಿಂತಿತು. ನೋಡಿ, ಸರಿಯಾಗಿ ತುಳಸಿ ಕಟ್ಟೆಯ ಎದುರಿಗೆ. ನಿನ್ನೆಯೂ ಇಲ್ಲೇ, ಮೊನ್ನೆಯೂ ಇಲ್ಲೇ. ಬೆರಳಿಂದ ಸ್ವಲ್ಪ ತಳ್ಳಿದರೆ ಹೋಗುತ್ತದೆ, ಒಂದು ಸುತ್ತು ಹಾಕುತ್ತದೆ, ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತದೆ. ಇದು ಮಾರ್ಚ್‌ನಲ್ಲಿ ತೆಗೆದ ವಿಡಿಯೋ. ಎಂಜಿನ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಪೂರ್ತಿ ಬಿಚ್ಚಿದೆ. ಕೆಟ್ಟಿರಲಿಲ್ಲ. ಕ್ಯಾಮೆರಾ ಹತ್ತಿರ ತರುತ್ತೇನೆ, ಹಳಿಯ ಮೇಲೆ ಬೆಳ್ಳಗೆ ಏನೋ ಇದೆಯಲ್ಲ, ಅದು ರಂಗೋಲಿ ಪುಡಿ.

ಅವ್ವ ದಿನಾ ಬೆಳಿಗ್ಗೆ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ ಹಾಕುತ್ತಾಳೆ. ನನ್ನ ಹಳಿ ಬಂದು ಒಂದು ವರ್ಷ. ಅವಳ ರಂಗೋಲಿಗೆ ನಲವತ್ತು ವರ್ಷ. ಯಾರು ಜರುಗಬೇಕು ಅನ್ನುವ ಮಾತೇ ಬರಲಿಲ್ಲ.

ನಮ್ಮದು ಕಲಬುರಗಿ. ಅಂಗಳಕ್ಕೆ ಶಹಾಬಾದ್ ಪರಸಿ ಕಲ್ಲು. ಅದೇ ನನ್ನ ಪುಣ್ಯ. ಬರೀ ಕರಿ ಮಣ್ಣಿನ ಮೇಲೆ ಹಾಕಿದ್ದರೆ ಬೇಸಿಗೆಗೆ ನೆಲ ಬಿರಿದು, ಮಳೆಗಾಲಕ್ಕೆ ಉಬ್ಬಿ, ಹಳಿ ಹಾವಾಗಿ ಹೋಗುತ್ತಿತ್ತು. ಒಟ್ಟು 12 ಮೀಟರ್ ಸುತ್ತು. ಎರಡು ಹಳಿಗಳ ನಡುವೆ 45 ಮಿಲಿಮೀಟರ್. ಇದಕ್ಕೆ ಜಿ ಸ್ಕೇಲ್ ಅನ್ನುತ್ತಾರೆ. ಜರ್ಮನಿಯ ಎಲ್‌ಜಿಬಿ ಕಂಪನಿ 1968ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಿಜವಾದ ಮೀಟರ್ ಗೇಜ್ ಗಾಡಿಯನ್ನು 22.5 ಪಟ್ಟು ಚಿಕ್ಕದು ಮಾಡಿದರೆ ಹೆಚ್ಚುಕಡಿಮೆ ಇದೇ ಅಳತೆ ಬರುತ್ತದೆ. ಟೇಬಲ್ ಮೇಲಿನ ಆಟಿಕೆಯಲ್ಲ, ಮನೆ ಹೊರಗೆ ಓಡಿಸಲೆಂದೇ ಮಾಡಿದ್ದು.

ಮೊದಲಿಗೆ ನಾನೂ ಎಲ್ಲರಂತೆ ಹಳಿಗೇ ಕರೆಂಟ್ ಕೊಟ್ಟೆ. ಒಂದು ಹಳಿಗೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಚಕ್ರದಿಂದ ಮೋಟಾರಿಗೆ. ವೋಲ್ಟೇಜ್ ಜಾಸ್ತಿ ಮಾಡಿದರೆ ಜೋರು, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಂದಕ್ಕೆ. ಸುಲಭ ಅಲ್ವಾ? ಸುಲಭವೇ. ಆದರೆ ಚಕ್ರ ಹಳಿಗೆ ಮುಟ್ಟುವ ಜಾಗ ಸಾಸಿವೆ ಕಾಳಿನಷ್ಟೂ ಇಲ್ಲ. ಅಲ್ಲಿ ಒಂದು ಚೂರು ಧೂಳು ಕೂತರೆ ಆಟ ಮುಗಿಯಿತು. ನಮ್ಮೂರಲ್ಲಿ ಧೂಳಿಗೇನು ಬರವೇ? ಹಿತ್ತಾಳೆ ಹಳಿ ಬೇರೆ. ನೀರು ಬಿದ್ದು ಒಣಗಿದರೆ ಕಪ್ಪಾಗುತ್ತದೆ. ದಿನಾ ಅರ್ಧ ಗಂಟೆ ಹಳಿ ಉಜ್ಜುವುದು, ಹತ್ತು ನಿಮಿಷ ಗಾಡಿ ಓಡಿಸುವುದು.

ಒಂದು ದಿನ ಸ್ಟೇಷನ್‌ನಲ್ಲಿ ಮಾಮಾನನ್ನು ಕರೆದುಕೊಂಡು ಬರಲು ನಿಂತಿದ್ದಾಗ ಮೇಲೆ ನೋಡಿದೆ. ದೊಡ್ಡ ಗಾಡಿಗೂ ಕರೆಂಟ್ ಹೊರಗಿನಿಂದಲೇ ಬರುತ್ತದೆ, 25,000 ವೋಲ್ಟ್. ಆದರೆ ಎಂಜಿನ್ ಮೇಲಿನ ಪ್ಯಾಂಟೋಗ್ರಾಫ್ ತಂತಿಯನ್ನು ಕೆಳಗಿನಿಂದ ಉಜ್ಜುತ್ತಾ ಹೋಗುತ್ತದೆ. ತಂತಿಯ ಕೆಳಮೈಗೆ ಧೂಳು ಕೂರುವುದಾದರೂ ಹೇಗೆ? ನಾನು ಕರೆಂಟನ್ನು ನೆಲದ ಮೇಲೆ, ರಂಗೋಲಿ ಪಕ್ಕದಲ್ಲಿ ಮಲಗಿಸಿದ್ದೆ.

ಬೀದರ್–ಕಲಬುರಗಿ ಲೈನ್ ನೆನಪಾಯಿತು. 110 ಕಿಲೋಮೀಟರ್. 2017ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದರ ಮೇಲೆ ಓಡಿದ್ದು ಡೀಸೆಲ್ ಡೆಮು ಗಾಡಿ. ಮೇಲಿನ ತಂತಿಯ ಹಂಗಿಲ್ಲ. ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗುತ್ತದೆ. ನನ್ನದೂ ಹಾಗೇ ಯಾಕೆ ಹೋಗಬಾರದು?

ಇಲ್ಲಿ ಕೆಲವರು ಕೇಳುತ್ತೀರಿ, ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಾಕಬಹುದಿತ್ತಲ್ಲ ಅಂತ. ಹಾಕಬಹುದಿತ್ತು. ಅದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಅದರ ಜೊತೆಗೇ ಡಿಜಿಟಲ್ ಸಂದೇಶ ಹೋಗುತ್ತದೆ. ಪ್ರತಿ ಎಂಜಿನ್‌ಗೆ ಒಂದು ನಂಬರ್. ಒಂದೇ ಹಳಿ ಮೇಲೆ ನಾಲ್ಕು ಎಂಜಿನ್ ಬೇರೆ ಬೇರೆಯಾಗಿ ಓಡಿಸಬಹುದು. ನನ್ನ ಹತ್ತಿರ ಇರುವುದು ಒಂದು. ಅದೂ ಸೆಕೆಂಡ್ ಹ್ಯಾಂಡ್. ಮುಖ್ಯ ಏನೆಂದರೆ ಆ ಸಂದೇಶವೂ ಬರುವುದು ಅದೇ ಕೊಳೆ ಹಳಿಯಿಂದಲೇ. ಇನ್ನು ಗ್ಯಾಸ್ ಉರಿಸಿ ನಿಜವಾದ ಹಬೆಯಿಂದ ಓಡುವ ಎಂಜಿನ್‌ಗಳೂ ಇವೆ. ಮೇ ತಿಂಗಳ ಕಲಬುರಗಿಯಲ್ಲಿ ಒಲೆ ಹಚ್ಚಿಕೊಂಡು ಕೂರುವಷ್ಟು ಭಕ್ತಿ ನನಗಿಲ್ಲ.

ಸರಿ, ಬ್ಯಾಟರಿ. ಮೊದಲ ಸಲ ಮೋಸ ಹೋದೆ. ಆನ್‌ಲೈನ್‌ನಲ್ಲಿ 18650 ಸೆಲ್ ತರಿಸಿದೆ. ಲ್ಯಾಪ್‌ಟಾಪ್ ಬ್ಯಾಟರಿ ಒಳಗೆ ಇರುತ್ತವಲ್ಲ, ಆ ಥರದ್ದು. ಮೇಲೆ 9900 ಎಂಎಎಚ್ ಅಂತ ದಪ್ಪ ಅಕ್ಷರದಲ್ಲಿ ಅಚ್ಚು. ಈ ಅಳತೆಯ ಒಳ್ಳೆ ಸೆಲ್ ಕೂಡ 3500ರ ಆಸುಪಾಸಿನದು. ಆಸೆಗೆ ಬಿದ್ದೆ. ಇಪ್ಪತ್ತು ನಿಮಿಷಕ್ಕೆ ಗಾಡಿ ಸುಸ್ತಾಯಿತು.

ಆಮೇಲೆ ಸೂಪರ್ ಮಾರ್ಕೆಟ್ ಕಡೆ ಸೋಲಾರ್ ದೀಪ ರಿಪೇರಿ ಮಾಡುವ ಒಬ್ಬ ಅಣ್ಣನ ಅಂಗಡಿಗೆ ಹೋದೆ. ಅವನು ಈ ದಪ್ಪ ಸೆಲ್ ಕೈಗೆ ಕೊಟ್ಟ. 32 ಮಿಲಿಮೀಟರ್ ದಪ್ಪ, 70 ಉದ್ದ. ಸೋಲಾರ್ ಬೀದಿ ದೀಪದೊಳಗೆ ಇರುವಂಥದ್ದು, ಲಿಥಿಯಂ ಐರನ್ ಫಾಸ್ಫೇಟ್. “ಬಿಸಿಲಾಗ ಕಂಬದ ಮ್ಯಾಲ ಕುಂದರ್ತಾವ್ರೀ ಇವು. ನಿಮ್ಮ ಗಾಡ್ಯಾಗ ಕುಂದರಲ್ಲೇನು?” ಅಂದ. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ.

ಒಂದೊಂದು ಸೆಲ್ 3.2 ವೋಲ್ಟ್. ಆರು ಸೆಲ್ ಸಾಲಾಗಿ ಜೋಡಿಸಿದರೆ 19.2. ಜೊತೆಗೆ ಬಿಎಂಎಸ್ ಬೋರ್ಡ್ ಬೇಕೇ ಬೇಕು, ಸೆಲ್ ಜಾಸ್ತಿ ಚಾರ್ಜ್ ಆಗದಂತೆ, ಪೂರ್ತಿ ಬರಿದಾಗದಂತೆ ಅದು ಕಾಯುತ್ತದೆ. ಎಲ್ಲಾ ಸೇರಿ ಒಂದು ಕಿಲೋ ಹತ್ತಿರ. ಎಂಜಿನ್ ಹಿಂದಿನ ಗೂಡ್ಸ್ ಡಬ್ಬಿಯಲ್ಲಿ ಕೂರಿಸಿ ವೈರ್ ಎಳೆದಿದ್ದೇನೆ. ಸೆಲ್ 6000 ಎಂಎಎಚ್, ನನ್ನ ಮೋಟಾರು ಎಳೆಯುವುದು ಸುಮಾರು 1 ಆಂಪಿಯರ್. ಐದು ಗಂಟೆ ಆರಾಮಾಗಿ ಬರುತ್ತದೆ. ಚಾರ್ಜ್ ಮಾತ್ರ ರಾತ್ರಿ, ಮನೆಯೊಳಗೆ. 45 ಡಿಗ್ರಿ ದಾಟಿದ ಸೆಲ್‌ಗೆ ಚಾರ್ಜ್ ಹಾಕಬಾರದು, ನಮ್ಮ ಬಿಸಿಲಿಗೆ ಮುಚ್ಚಿದ ಡಬ್ಬಿ ಅಷ್ಟು ಕಾಯಲು ಎಷ್ಟು ಹೊತ್ತು?

ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಹಳಿಯ ತುಂಡುಗಳು ಸೇರುವ ಈ ಕೀಲು ನೋಡಿ. ಮೊದಲು ಕರೆಂಟ್ ಹರಿಯಲಿ ಅಂತ ಪ್ರತಿ ಕೀಲನ್ನೂ ಬಿಗಿ ಮಾಡಿದ್ದೆ. 12 ಮೀಟರ್ ಹಿತ್ತಾಳೆ 40 ಡಿಗ್ರಿ ಜಾಸ್ತಿ ಕಾದರೆ ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಅದು ಎಲ್ಲಿಗೆ ಹೋಗಬೇಕು? ಮಧ್ಯಾಹ್ನ ತಿರುವಿನಲ್ಲಿ ಹಳಿ ಹೊಟ್ಟೆ ಬಿಡುತ್ತಿತ್ತು. ಈಗ ಹಳಿಯಲ್ಲಿ ಕರೆಂಟೇ ಇಲ್ಲ. ಕೀಲು ಸಡಿಲ ಬಿಟ್ಟು ಸಂದು ಕೊಟ್ಟಿದ್ದೇನೆ. ಚಕ್ರ ಅದರ ಮೇಲೆ ಹೋದಾಗ ಟಕ್ ಟಕ್, ಟಕ್ ಟಕ್. ಇದು ಎಡಿಟಿಂಗ್‌ನಲ್ಲಿ ಹಾಕಿದ ಸೌಂಡ್ ಅಲ್ಲ ಮತ್ತೆ.

ಓಡಿಸುವುದು ಹೇಗೆ? ಇದರಲ್ಲೂ ಒಂದು ಸಲ ಎಡವಿದೆ. ಗೂಡ್ಸ್ ಡಬ್ಬಿಯೊಳಗೆ ಇಎಸ್‌ಪಿ32 ಅನ್ನುವ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ಫೋನಿನಿಂದ ವೈಫೈ ಮೂಲಕ ಓಡಿಸಿದೆ. ಬಿಸಿಲಲ್ಲಿ ಸ್ಕ್ರೀನ್ ಕಾಣುವುದಿಲ್ಲ. ಬೆವರಿದ ಬೆರಳಿಗೆ ಸ್ಲೈಡರ್ ಜಾರುತ್ತದೆ. ಒಂದಿನ ಗಾಡಿ ಜೋರಾಗಿ ಹೋಗುವಾಗಲೇ ಮಾಮಾನ ಫೋನ್ ಬಂತು. ಆ್ಯಪ್ ಹಿಂದೆ ಸರಿಯಿತು. ನಾನು “ಹಲೋ” ಅನ್ನುವಷ್ಟರಲ್ಲಿ ಗಾಡಿ ತಿರುವು ಬಿಟ್ಟು ಬದನೆ ಗಿಡದೊಳಗೆ.

ಈಗ ಇದು ನನ್ನ ಕಂಟ್ರೋಲ್. ಹೌದು, ಸೋಪಿನ ಡಬ್ಬಿ. ಮೇಲೆ ಹಳೇ ರೇಡಿಯೋದ್ದು ಒಂದು ತಿರುಗಿಸುವ ಗುಬ್ಬಿ. ನಡುವೆ ಇದ್ದರೆ ಗಾಡಿ ನಿಂತಿರುತ್ತದೆ, ಬಲಕ್ಕೆ ಮುಂದೆ, ಎಡಕ್ಕೆ ಹಿಂದೆ. ಒಳಗೆ ಇನ್ನೊಂದು ಇಎಸ್‌ಪಿ32. ರೌಟರ್, ಇಂಟರ್ನೆಟ್ ಯಾವುದೂ ಬೇಡ, ಎರಡೂ ಬೋರ್ಡು ನೇರವಾಗಿ ಮಾತಾಡಿಕೊಳ್ಳುತ್ತವೆ. ಅರ್ಧ ಸೆಕೆಂಡ್ ಸುದ್ದಿ ಬರದಿದ್ದರೆ ಗಾಡಿ ತಾನೇ ನಿಧಾನ ಮಾಡಿ ನಿಲ್ಲುತ್ತದೆ. ದೊಡ್ಡ ಎಂಜಿನ್‌ನಲ್ಲೂ ಹೀಗೊಂದು ಇದೆ. ಲೋಕೋ ಪೈಲಟ್ ಆಗಾಗ ತಾನು ಎಚ್ಚರ ಇದ್ದೇನೆ ಅಂತ ತೋರಿಸಬೇಕು, ಇಲ್ಲದಿದ್ದರೆ ಬ್ರೇಕ್ ಬೀಳುತ್ತದೆ. ಕಣ್ಣು ಗಾಡಿಯ ಮೇಲೆ, ಕೈ ಗುಬ್ಬಿಯ ಮೇಲೆ. ಸ್ಕ್ರೀನ್ ನೋಡುವ ಕೆಲಸವೇ ಇಲ್ಲ.

ಗುಬ್ಬಿ ಹಾಕಿದ್ದಕ್ಕೆ ಅವ್ವನೂ ಓಡಿಸಲು ಕಲಿತಳು. ಮಿಕ್ಸರ್ ಥರಾನೇ ಐತಿ ಅಂತಾಳೆ. ಈ ಶಾಟ್ ಮೊನ್ನೆಯದು. ಹಳಿಯ ಸುತ್ತಿನೊಳಗೆ ಹಳೇ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಾಳೆ. ತಾನು ಕಟ್ಟೆಯ ನೆರಳಲ್ಲಿ ಕೂತು, ಸೋಪಿನ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಕಾಗೆ ಬಂದಾಗಲೆಲ್ಲ ಗಾಡಿ ಬಿಡುತ್ತಾಳೆ. ಮೊದಲೆರಡು ದಿನ ಕಾಗೆಗಳು ಹಾರಿ ಹೋದವು. ಈಗ ಗಾಡಿ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತವೆ, ಅಷ್ಟೇ.

“ಸೀಟಿ ಹಚ್ಚೋ ಇದಕ್ಕ,” ಅಂದಳು. “ಕಾಗಿ ಅಂಜವಲ್ವು.”

ಸ್ಪೀಕರ್ ತಂದಿದ್ದೇನೆ. ಗೂಡ್ಸ್ ಡಬ್ಬಿಯಲ್ಲಿ ಜಾಗ ಹುಡುಕುತ್ತಿದ್ದೇನೆ.