ಬಾಲ್ಕನಿಯಲ್ಲೊಂದು ತಿಪ್ಪೆ

ಕೇಳುಗರೆ, ನಮಸ್ಕಾರ.

ನಮ್ಮೂರಿನಲ್ಲಿ ಮನೆಮನೆಯ ಹಿತ್ತಲಿಗೂ ಒಂದು ತಿಪ್ಪೆ ಇತ್ತು. ಸಗಣಿ, ಒಲೆಯ ಬೂದಿ, ಸೊಪ್ಪಿನ ದಂಟು, ದನ ತಿಂದುಳಿದ ಹುಲ್ಲು ಎಲ್ಲ ಅಲ್ಲಿಗೇ. ಅದರ ಪಕ್ಕದಲ್ಲೇ ಗೋಲಿ ಆಡುತ್ತಿದ್ದೆವು, ಮೂಗು ಮುಚ್ಚಿಕೊಂಡ ನೆನಪಿಲ್ಲ. ಆದರೆ ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಾನು ಗೊಬ್ಬರ ಮಾಡಲು ಹೊರಟಾಗ, ಎಂಟೇ ದಿನಕ್ಕೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಪಾಪ, ಇಲಿ ಸತ್ತಿದೆಯೇನೋ ಅಂದುಕೊಂಡಿದ್ದರು.

ಸತ್ತಿದ್ದು ಇಲಿಯಲ್ಲ, ಗಾಳಿಯಿಲ್ಲದೆ ನನ್ನ ಗೊಬ್ಬರ. ಹಳೇ ಪೇಂಟಿನ ಬಕೆಟ್ಟಿಗೆ ಕಲ್ಲಂಗಡಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ ತುಂಬಿ ಮುಚ್ಚಳ ಬಿಗಿದಿದ್ದೆ. ತಿಪ್ಪೆಯಲ್ಲಿ ಹುಲ್ಲು, ತರಗು ಇರುತ್ತಿದ್ದವು. ಅವುಗಳ ಸಂದಿನಲ್ಲಿ ಗಾಳಿ ಆಡುತ್ತಿತ್ತು. ನನ್ನ ಬಕೆಟ್ಟಿನಲ್ಲಿದ್ದದ್ದು ಬರೀ ಹಸಿ. ಗಾಳಿಯಿಲ್ಲದ ಕಡೆ ಕೊಳೆಸುವ ಜೀವಿಗಳೇ ಬೇರೆ, ಅವು ಬಿಡುವ ಅನಿಲವೂ ಬೇರೆ. ಊರಾಚೆಯ ಕಸದ ಗುಡ್ಡೆಯೊಳಗೂ ಇದೇ ನಡೆಯುವುದು. ಅಲ್ಲಿ ಹುಟ್ಟುವ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ನಮ್ಮ ಬದನೆಕಾಯಿ ತೊಟ್ಟಿನ ನಾತ ವರ್ಷಗಟ್ಟಲೆ ಕುಡಿದವರು ನಗರದ ಕಸ ಸುರಿಯುತ್ತಿದ್ದ ಹೊರವಲಯದ ಹಳ್ಳಿ ಮಂಡೂರಿನ ಜನ. ಅವರು ಬೀದಿಗಿಳಿದು ಹೋರಾಡಿದ ಮೇಲೆಯೇ, 2014ರ ಕೊನೆಗೆ, ಬೆಂಗಳೂರಿನ ಕಸದ ಲಾರಿಗಳು ಅಲ್ಲಿಗೆ ಹೋಗುವುದು ನಿಂತದ್ದು.

ತಮಾಷೆ ನೋಡಿ, ಗೊಬ್ಬರದ ಪಠ್ಯಗಳಲ್ಲಿ ‘ಬೆಂಗಳೂರು ಪದ್ಧತಿ’ ಎಂದೇ ಒಂದಿದೆ. 1939ರಲ್ಲಿ ವಿಜ್ಞಾನಿ ಸಿ. ಎನ್. ಆಚಾರ್ಯ ಅವರು ರೂಪಿಸಿದ್ದು. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ಹಾಕಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಬಿಡುವುದು. ಬಾಲ್ಕನಿಗೆ ಅದು ಆಗುವ ಮಾತಲ್ಲ, ಬಿಡಿ.

ಈಗ ನಾನು ಮಾಡುವುದು ಇಷ್ಟು. ಅದೇ ಬಕೆಟ್ಟಿನ ಬದಿಗೂ ತಳಕ್ಕೂ ತೂತು ಕೊರೆದು, ಕೆಳಗೊಂದು ತಟ್ಟೆ ಇಟ್ಟಿದ್ದೇನೆ. ತಳಕ್ಕೆ ನಾಲ್ಕು ಬೆರಳು ತರಗೆಲೆ. ಆಮೇಲೆ ದಿನಾ ಒಂದು ಹಿಡಿ ಹಸಿ ಕಸಕ್ಕೆ ಒಂದೂವರೆ ಹಿಡಿ ತರಗು. ಮೊದಲ ಸಲ ಮಾತ್ರ ಹೆಪ್ಪಿನ ಹಾಗೆ ಸ್ವಲ್ಪ ಹುಳಿ ಮಜ್ಜಿಗೆ, ಇಲ್ಲವೇ ಹಳೇ ಗೊಬ್ಬರ. ಮೂರ್ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಹದ ನೋಡಲು ಒಂದು ಹಿಡಿ ತೆಗೆದು ಹಿಂಡಿ: ನೀರು ತೊಟ್ಟಿಕ್ಕಿದರೆ ತರಗು ಸಾಲದು, ಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಮೀನು, ಮಾಂಸ, ಎಣ್ಣೆ ಪದಾರ್ಥ ಸದ್ಯಕ್ಕೆ ಬೇಡ. ಮಳೆಗಾಲದಲ್ಲಿ ದಪ್ಪ ಹುಳು ಕಂಡರೆ ಕಿರುಚಬೇಡಿ. ಅವು ತಿನ್ನುವುದು ಕಸವನ್ನೇ. ತರಗು ಹೆಚ್ಚು ಹಾಕಿದರೆ ಕಡಿಮೆಯಾಗುತ್ತವೆ.

ಬಕೆಟ್ಟು ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಟ್ಟರೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿ, ಮೊದಲ ಮಳೆಗೆ ನೆಲದಿಂದ ಏಳುವ ವಾಸನೆ ಬರುತ್ತದೆ. ಕೆಳಗಿನ ಮನೆಯವರ ಕರಿಬೇವಿನ ಕುಂಡಕ್ಕೆ ಈಗ ಅದೇ ಗೊಬ್ಬರ.

ಕಷ್ಟವಿರುವುದು ತರಗಿನದ್ದೇ. ಹೊಂಗೆ ಎಲೆ ಉದುರುವಾಗ ಎರಡು ಚೀಲ ತುಂಬಿಟ್ಟರೆ ಮಳೆಗಾಲದ ಚಿಂತೆ ಇಲ್ಲ. ಬೀದಿ ಗುಡಿಸುವಾಕೆ ಅದನ್ನು ರಾಶಿ ಮಾಡಿ ಬೆಂಕಿ ಹಚ್ಚುವುದು ಆರೂವರೆಗೆ. ನಾನು ಆರಕ್ಕೇ ಚೀಲ ಹಿಡಿದು ಮರದ ಕೆಳಗೆ ನಿಂತಿರುತ್ತೇನೆ.

ನಮಸ್ಕಾರ.